ಮಹಿಳಾ ಶಿಬಿರಕ್ಕೆ ಟ್ರಾನ್ಸ್ ಮಹಿಳೆಯರೂ ಬರುವಾಗ: ಜಗಳ ಆಗುವ ಮೊದಲೇ ಮಾಡಿಕೊಳ್ಳಬೇಕಾದ ತಯಾರಿ

ಎರಡು ದಿನದ ಮಹಿಳಾ ಶಿಬಿರ, ರಾತ್ರಿ ಅಲ್ಲೇ ಉಳಿಯುವುದು. ಒಬ್ಬ ಟ್ರಾನ್ಸ್ ಮಹಿಳೆ (ಹುಟ್ಟಿದಾಗ ಗಂಡು ಅಂತ ಗುರುತಿಸಿದ್ದರೂ ತಾನು ಹೆಣ್ಣು ಅಂತ ಗುರುತಿಸಿಕೊಂಡವರು) ಹೆಸರು ಕೊಟ್ಟಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ "ಅವರು ಮಲಗೋದೆಲ್ಲಿ?" ಅಂತ ಕೇಳುತ್ತಾರೆ, ಸಂಜೆಯೊಳಗೆ ಗುಂಪು ಎರಡು ಪಾಲಾಗಿರುತ್ತದೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಅವರು ಬರಬೇಕು, ಉಳಿದವರ ಜೊತೆಗೇ ಇರಬೇಕು. ಆದರೆ ಪ್ರಶ್ನೆ ಕೇಳಿದ ಹೆಂಗಸಿನ ಬಾಯಿ ಮುಚ್ಚಿಸಿದರೆ ಶಿಬಿರ ನಡೆಯುವುದಿಲ್ಲ.

ನಿರ್ಧಾರವನ್ನು ಹೆಸರು ನೋಂದಾಯಿಸುವುದಕ್ಕೆ ಮೊದಲೇ ಮಾಡಿ. ಅಮೆರಿಕದ ಮಿಷಿಗನ್‌ನಲ್ಲಿ 1976ರಿಂದ ಮಹಿಳೆಯರದ್ದೇ ಒಂದು ದೊಡ್ಡ ಸಂಗೀತ ಉತ್ಸವ ನಡೆಯುತ್ತಿತ್ತು, ಕಾಡಿನಲ್ಲಿ ಟೆಂಟ್ ಹಾಕಿಕೊಂಡು. 1991ರಲ್ಲಿ ಒಳಗೆ ಬಂದಿದ್ದ ಒಬ್ಬ ಟ್ರಾನ್ಸ್ ಮಹಿಳೆಯನ್ನು ಹೊರಗೆ ಕಳಿಸಿದರು. ಆಮೇಲೆ ಅದನ್ನು ವಿರೋಧಿಸಿದವರು ಉತ್ಸವದ ಹೊರಗೆ ತಮ್ಮದೇ ಕ್ಯಾಂಪ್ ಹಾಕಿದರು. ಜಗಳ ವರ್ಷಗಟ್ಟಲೆ ಎಳೆಯಿತು, 2015ರಲ್ಲಿ ಉತ್ಸವವೇ ನಿಂತಿತು. ಬಂದವರನ್ನು ವಾಪಸ್ ಕಳಿಸುವ ಅವಮಾನ ಸುಲಭಕ್ಕೆ ಮಾಸುವುದಿಲ್ಲ. ಅದಕ್ಕೇ ಕರಪತ್ರದಲ್ಲೇ ಒಂದು ಸಾಲು ಹಾಕಿ: "ಟ್ರಾನ್ಸ್ ಮಹಿಳೆಯರೂ ಸೇರಿದಂತೆ ಎಲ್ಲ ಮಹಿಳೆಯರಿಗೆ ಸ್ವಾಗತ." ಇಷ್ಟವಿಲ್ಲದವರು ಅದನ್ನು ಓದಿಯೇ ನಿಮಗೆ ಫೋನ್ ಮಾಡುತ್ತಾರೆ. ಒಳ್ಳೆಯದೇ, ಮಾತಾಡಲು ಸಮಯ ಸಿಗುತ್ತದೆ.

ಕಾನೂನಿನ ಎರಡು ವಿಷಯ ಗೊತ್ತಿರಲಿ. 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಅನ್ನುವುದನ್ನು ಗುರುತಿಸಿಕೊಳ್ಳುವ ಹಕ್ಕು ಆ ವ್ಯಕ್ತಿಯದ್ದೇ ಎಂದಿತು. 2017ರಲ್ಲಿ ಸ್ವಚ್ಛ ಭಾರತದ ಮಾರ್ಗಸೂಚಿ, ಸಾರ್ವಜನಿಕ ಶೌಚಾಲಯದಲ್ಲಿ ಗಂಡಸರದ್ದೋ ಹೆಂಗಸರದ್ದೋ ತಮಗೆ ಬೇಕಾದ್ದನ್ನು ಟ್ರಾನ್ಸ್ ಜನ ಬಳಸಬಹುದು ಎಂದಿತು. ಚರ್ಚೆಯಲ್ಲಿ ಬ್ರಿಟನ್‌ನ ತೀರ್ಪನ್ನೂ ಯಾರಾದರೂ ತಂದೇ ತರುತ್ತಾರೆ. 2025ರ ಏಪ್ರಿಲ್ 16ರಂದು ಅಲ್ಲಿನ ಸುಪ್ರೀಂ ಕೋರ್ಟ್, ತಮ್ಮ 2010ರ ಸಮಾನತೆ ಕಾಯ್ದೆಯಲ್ಲಿ 'ಮಹಿಳೆ' ಅಂದರೆ ಹುಟ್ಟಿನಿಂದ ಬಂದ ಲಿಂಗದ ಪ್ರಕಾರ ಎಂದು ಹೇಳಿದ್ದು ನಿಜ. ಅದು ಅವರ ಕಾಯ್ದೆಯೊಂದರ ಅರ್ಥ, ನಮ್ಮ ಊರಿನ ಹಾಲ್‌ಗೆ ಅನ್ವಯಿಸುವುದಿಲ್ಲ. ಅಷ್ಟು ಹೇಳಿ ಮುಂದೆ ಹೋಗಿ.

ಈಗ ತಯಾರಿ ಸಭೆ. "ಟ್ರಾನ್ಸ್ ಮಹಿಳೆಯರು ಮಹಿಳೆಯರೇ ಅಲ್ವೇ" ಅನ್ನುವ ಚರ್ಚೆಗೆ ಬಿಟ್ಟರೆ ಬೆಳಗಾಗುತ್ತದೆ, ಮುಗಿಯುವುದಿಲ್ಲ. ಬದಲಿಗೆ ಹೀಗೆ ಕೇಳಿ: ನಿಮಗೆ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಏನಾಗುತ್ತದೆ ಅಂತ ಭಯ? ಆಗ ಮಾತು ನೆಲಕ್ಕೆ ಇಳಿಯುತ್ತದೆ. ಒಬ್ಬರು ಬಚ್ಚಲಿನ ಬಾಗಿಲಿಗೆ ಚಿಲಕ ಇಲ್ಲ ಅನ್ನುತ್ತಾರೆ. ಇನ್ನೊಬ್ಬರು ಸೀರೆ ಉಡುವುದಕ್ಕೆ ಮರೆ ಇಲ್ಲ ಅನ್ನುತ್ತಾರೆ. ಮತ್ತೊಬ್ಬರು, ಸುಮ್ನೆ ಕೂತಿದ್ದವರು, ಮನೆಯಲ್ಲಿ ಆದ ಹಿಂಸೆಯ ಕಾರಣಕ್ಕೆ ರಾತ್ರಿ ಗಂಡು ದನಿ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ ಅನ್ನಬಹುದು. ಇದನ್ನು ದ್ವೇಷ ಅಂತ ಕರೆಯಬೇಡಿ. ಟ್ರಾನ್ಸ್ ಮಹಿಳೆಯರಿಗೂ ಬಚ್ಚಲು ಮತ್ತು ರಾತ್ರಿ ಎರಡೂ ಭಯದ ಜಾಗಗಳೇ. ಎಷ್ಟೋ ಮಂದಿ ಬೈಗುಳ, ಹೊಡೆತ ತಿಂದೇ ಬಂದಿರುತ್ತಾರೆ.

ಹಾಗಾಗಿ ಮೊದಲು ಚಿಲಕ ಹಾಕಿಸಿ. ನಿಜವಾಗಿ ಹೇಳುತ್ತೇನೆ, ಹಿಂದಿನ ದಿನವೇ ಹೋಗಿ ಒಂದೊಂದು ಬಾಗಿಲನ್ನೂ ಒಳಗಿನಿಂದ ಹಾಕಿ ನೋಡಿ, ಬಲ್ಬ್ ಉರಿಯುತ್ತದಾ, ಮೇಲಿನ ಕಿಟಕಿಗೆ ಗಾಜು ಇದೆಯಾ ಅಂತಲೂ. ಬಟ್ಟೆ ಬದಲಿಸಲು ಹಾಲ್‌ನ ಮೂಲೆಯಲ್ಲಿ ಹಗ್ಗ ಕಟ್ಟಿ ಎರಡು ಹಳೆ ಬೆಡ್‌ಶೀಟ್ ಇಳಿಬಿಟ್ಟರೆ ಸಾಕು, ಅದು ಎಲ್ಲರಿಗೂ. ಮಲಗುವುದು ಎಲ್ಲರೂ ಒಂದೇ ಹಾಲ್‌ನಲ್ಲಿ, ಚಾಪೆ ಹಾಕಿಕೊಳ್ಳುವ ಜಾಗ ಅವರವರ ಆಯ್ಕೆ. ಒಂದು ಚಿಕ್ಕ ಕೋಣೆ ಇದ್ದರೆ, ಜನರ ಮಧ್ಯೆ ಮಲಗಲು ಆಗದವರು ಯಾರೇ ಆಗಲಿ, ಕಾರಣ ಹೇಳದೆ ಅದನ್ನು ಕೇಳಬಹುದು ಅಂತ ಮೊದಲೇ ಹೇಳಿ. ಟ್ರಾನ್ಸ್ ಮಹಿಳೆಯನ್ನು ಆ ಕೋಣೆಗೆ ನೀವಾಗಿಯೇ ಕಳಿಸಬೇಡಿ. ಅದು ಬೇರೆ ಲೋಟ ಇಟ್ಟ ಹಾಗೆ.

ದೌರ್ಜನ್ಯ ಅನುಭವಿಸಿದವರು ಮನಸ್ಸು ಬಿಚ್ಚುವ ಗೋಷ್ಠಿ ಇದ್ದರೆ ಅದನ್ನು ಐದಾರು ಜನರ ಚಿಕ್ಕ ಗುಂಪುಗಳಾಗಿ ಮಾಡಿ. ಯಾರ ಜೊತೆ ಕೂರಬೇಕು ಅನ್ನುವುದನ್ನು ಮಾತಾಡುವವರೇ ಆರಿಸಿಕೊಳ್ಳಲಿ. ಟ್ರಾನ್ಸ್ ಮಹಿಳೆಯರ ಕಥೆಗೂ ಅಲ್ಲಿ ಜಾಗ ಇರಲಿ.

ದೇಹ ಪರೀಕ್ಷೆ, "ಆಪರೇಷನ್ ಆಗಿದೆಯಾ" ಅನ್ನುವ ಪ್ರಶ್ನೆ, ಗೇಟಿನಲ್ಲಿ ಗುರುತಿನ ಕಾರ್ಡ್ ತೋರಿಸು ಅನ್ನುವುದು, ಇವು ಮೂರೂ ಬೇಡವೇ ಬೇಡ. ಇದನ್ನು ಶುರು ಮಾಡಿದರೆ ಕೂದಲು ಗಿಡ್ಡ ಇರುವ, ದನಿ ದಪ್ಪ ಇರುವ, ಎತ್ತರದ ಹೆಂಗಸರನ್ನೂ ನಿಲ್ಲಿಸಿ ಕೇಳುತ್ತೀರಿ. ಯಾರೂ ಅದಕ್ಕೆ ಸಿದ್ಧರಿಲ್ಲ, ಅಲ್ವಾ? ನಿಯಮ ನಡತೆಗೆ ಇರಲಿ: ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ, ಹಾಲ್‌ನಲ್ಲಿ ಫೋಟೋ ತೆಗೆಯುವಂತಿಲ್ಲ, ಕುಡಿದು ಬರುವಂತಿಲ್ಲ. ಮುರಿದವರು ಯಾರಾದರೂ ಹೊರಗೆ.

"ಊಟ ಓಕೆ, ರಾತ್ರಿ ಬೇಡ" ಅನ್ನುವವರ ಜೊತೆ ಪಕ್ಕದಲ್ಲಿ ಕೂತು ಮಾತಾಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸಲ್ಲಿ ಹೆಂಗಸರಿಗೂ ಟ್ರಾನ್ಸ್ ಜನರಿಗೂ ಟಿಕೆಟ್ ದುಡ್ಡು ಇಲ್ಲ. ಒಂದೇ ಸೀಟಲ್ಲಿ ಒತ್ತಿಕೊಂಡು ಕೂತು ಬಂದವರೇ ನಿಮ್ಮ ಶಿಬಿರಕ್ಕೂ ಬರುವುದು. ಸವದತ್ತಿ ಯಲ್ಲಮ್ಮನ ಜಾತ್ರೆಯಲ್ಲಿ ದೇವಿಯ ಸೇವೆಗೆ ನಿಂತ ಟ್ರಾನ್ಸ್ ಜೋಗತಿಯರ ಜೊತೆ ನಡೆದು ಅಭ್ಯಾಸ ಇರುವ ಹೆಂಗಸರು ಉತ್ತರ ಕರ್ನಾಟಕದಲ್ಲಿ ಬೇಕಾದಷ್ಟಿದ್ದಾರೆ. ಟ್ರಾನ್ಸ್ ಮಹಿಳೆಯೇ ಆದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಹೊರಗಿನವರಲ್ಲ ಇವರು.

ತಯಾರಿ ಸಮಿತಿಯಲ್ಲಿ ಕನಿಷ್ಠ ಇಬ್ಬರು ಟ್ರಾನ್ಸ್ ಮಹಿಳೆಯರಿರಲಿ. ಒಬ್ಬರೇ ಇದ್ದರೆ ಪ್ರತಿ ಪ್ರಶ್ನೆಗೂ ಅವರೇ ಉತ್ತರ ಕೊಡಬೇಕಾಗುತ್ತದೆ, ಸುಸ್ತಾಗುತ್ತಾರೆ. ಅವರಿಗೆ ಬರೀ "ಟ್ರಾನ್ಸ್ ಗೋಷ್ಠಿ" ಕೊಡಬೇಡಿ, ಕೂಲಿ, ಬಾಡಿಗೆ ಮನೆ, ಪೊಲೀಸ್ ಕಾಟದ ಗೋಷ್ಠಿಗಳಲ್ಲೂ ಮಾತಾಡಿಸಿ. ರಾತ್ರಿ ದೂರು ಬಂದರೆ ಕೇಳಿಸಿಕೊಳ್ಳಲು ಇಬ್ಬರನ್ನು ನೇಮಿಸಿ, ಅವರ ಫೋನ್ ನಂಬರ್ ಗೋಡೆಗೆ ಅಂಟಿಸಿ. ದೂರು "ಅವರು ಹೀಗೆ ಮಾಡಿದರು" ಅಂತ ಇದ್ದರೆ ತಕ್ಷಣ ವಿಚಾರಿಸಿ. "ಅವರು ಇದ್ದಾರೆ" ಅಂತ ಮಾತ್ರ ಇದ್ದರೆ ದೂರು ಕೊಟ್ಟವರಿಗೆ ಟೀ ಕೊಟ್ಟು, ಆ ಚಿಕ್ಕ ಕೋಣೆ ಖಾಲಿ ಇದೆ, ಬೇಕಾದರೆ ಅಲ್ಲಿ ಮಲಗಬಹುದು ಅಂತ ಹೇಳಿ.