ಬದುಕುಳಿದವರು ಯಾರು?

‘ಪತ್ನಿ ಲೀ ಕ್ರಾಸ್ನರ್ ಬದುಕುಳಿದಿದ್ದಾರೆ.’ ಕನ್ನಡ ವಿಕಿಪೀಡಿಯದ ಒಂದು ಪುಟಕ್ಕೆ ನಾನು ಬರೆದಿದ್ದ ಸಾಲು ಇದು. ಕರಡು ಓದಿದ ಗೆಳತಿ ಕೇಳಿದಳು, ‘ಹೆಂಡತಿಯೂ ಅದೇ ಕಾರಲ್ಲಿದ್ದರಾ?’

ಇರಲಿಲ್ಲ. 1956ರ ಆಗಸ್ಟ್ 11ರ ರಾತ್ರಿ ಚಿತ್ರಕಾರ ಜಾಕ್ಸನ್ ಪೊಲಾಕ್ ಕುಡಿದು ಕಾರು ಓಡಿಸಿ, ಮನೆಯ ಹತ್ತಿರವೇ ಸತ್ತರು. ಕ್ರಾಸ್ನರ್ ಆಗ ಪ್ಯಾರಿಸ್‌ನಲ್ಲಿದ್ದರು. ಕಾರಿನಲ್ಲಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರು ತೀರಿಕೊಂಡರು, ನಿಜವಾಗಿ ಬದುಕುಳಿದವರು ಇನ್ನೊಬ್ಬರು. ಸತ್ತವರ ಹಿಂದೆ ಉಳಿದವರನ್ನು ಹೇಳುವ ಇಂಗ್ಲಿಷ್ ನಿಧನವಾರ್ತೆಯ ‘ಸರ್ವೈವ್ಡ್ ಬೈ’ಯನ್ನು ನಾನು ಸುಮ್ನೆ ಹಾಗೇ ಇಳಿಸಿದ್ದೆ. ನಮ್ಮಲ್ಲಿ ಸತ್ತವರು ಇದ್ದವರನ್ನು ಅಗಲುತ್ತಾರೆ ಅಲ್ವಾ? ‘ಪತ್ನಿಯನ್ನು ಅಗಲಿದ್ದಾರೆ’ ಎಂದು ತಿದ್ದಿದೆ. ‘ಅಪಾರ ಬಂಧುಬಳಗ’ವನ್ನೂ ಸೇರಿಸಲು ಕೈ ತುರಿಸುತ್ತಿತ್ತು, ತಡೆದುಕೊಂಡೆ.

ನಾನು ಮಾಡುತ್ತಿದ್ದದ್ದು ಈಸ್ಟ್ ಹ್ಯಾಂಪ್ಟನ್ ಪುಟ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಪೂರ್ವ ತುದಿಯ ಊರು. ಕಡಲಂಚಿನ ಬಂಗಲೆಗಳಿಗೆ ದುಡ್ಡಿದ್ದವರು ಬೇಸಿಗೆಯಲ್ಲಿ ಬಂದುಹೋಗುತ್ತಾರೆ. ಕೊನೆಯಲ್ಲಿ ‘ಪ್ರಸಿದ್ಧ ನಿವಾಸಿಗಳು’ ಪಟ್ಟಿ ಹಾಕೋಣ, ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು.

ನಿವಾಸಿ ಅಂದರೆ ಯಾರು ಅನ್ನುವುದರಲ್ಲೇ ಅರ್ಧ ಸಮಯ ಹೋಯಿತು. ಅಲ್ಲಿ ಈಸ್ಟ್ ಹ್ಯಾಂಪ್ಟನ್ ಅನ್ನುವ ಹಳ್ಳಿ ಬೇರೆ, ಅದೇ ಹೆಸರಿನ ‘ಟೌನ್’ ಬೇರೆ. ಟೌನ್ ಅಂದರೆ ಪಟ್ಟಣವಲ್ಲ, ನಮ್ಮ ಹೋಬಳಿಯ ಹಾಗೆ. ಸ್ಪ್ರಿಂಗ್ಸ್, ಅಮಗಾನ್ಸೆಟ್, ಮಾಂಟಾಕ್ ಎಲ್ಲ ಅದರೊಳಗೇ ಬರುತ್ತವೆ. ದೊಡ್ಡ ನಗರದ ಪತ್ರಿಕೆಗಳು ಎಲ್ಲವನ್ನೂ ‘ಹ್ಯಾಂಪ್ಟನ್ಸ್’ ಎಂದು ಒಂದೇ ಚೀಲಕ್ಕೆ ತುಂಬುತ್ತವೆ. ಅದನ್ನು ನಂಬಿ ನಾನು ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಅವರನ್ನೂ ಹಾಕಿದ್ದೆ. ಅವರ ಮನೆ ಇದ್ದದ್ದು ಸ್ಯಾಗ್ ಹಾರ್ಬರ್‌ನಲ್ಲಿ. ಆ ಹಳ್ಳಿ ಎರಡು ಟೌನ್‌ಗಳ ಗಡಿಯ ಮೇಲೆ ಕೂತಿದೆ, ಮನೆ ಪಕ್ಕದ ಸೌತಾಂಪ್ಟನ್ ಟೌನ್ ಕಡೆಗೆ. ತೆಗೆದೆ. ಸಾಗಪೊನ್ಯಾಕ್‌ನ ಲೇಖಕ ಪೀಟರ್ ಮ್ಯಾಥಿಸನ್ ಕೂಡ ಹಾಗೇ ಪಟ್ಟಿಯಿಂದ ಹೋದರು, ಬೇಜಾರಾಯಿತು.

ಸಮಾಧಿ ನೋಡಿ ಊರು ಹೇಳುವುದು ಇನ್ನೂ ಅಪಾಯ. ಸ್ಪ್ರಿಂಗ್ಸ್‌ನ ಗ್ರೀನ್ ರಿವರ್ ಸ್ಮಶಾನದಲ್ಲಿ ಪೊಲಾಕ್ ಅವರ ದೊಡ್ಡ ಬಂಡೆ, ಅದರ ಮುಂದೆ 1984ರಲ್ಲಿ ತೀರಿಕೊಂಡ ಕ್ರಾಸ್ನರ್ ಅವರ ಚಿಕ್ಕ ಬಂಡೆ. ಅಲ್ಲೇ ಕವಿ ಫ್ರಾಂಕ್ ಓಹಾರಾ ಕೂಡ. ನಾನು ‘ನಿವಾಸಿ’ ಅಂದೆ. ಅವರು ಇದ್ದದ್ದು ಮ್ಯಾನ್‌ಹಟ್ಟನ್‌ನಲ್ಲಿ. 1966ರಲ್ಲಿ ಫೈರ್ ಐಲೆಂಡಿನ ಮರಳದಂಡೆಯಲ್ಲಿ ಗಾಡಿ ಹಾಯ್ದು ಸತ್ತವರನ್ನು ಇಲ್ಲಿಗೆ ತಂದಿದ್ದರು. ಚಿತ್ರಕಾರ ವಿಲೆಮ್ ಡಿ ಕೂನಿಂಗ್ ವಿಷಯದಲ್ಲಿ ಮಾತ್ರ ಕಷ್ಟವೇ ಆಗಲಿಲ್ಲ. ವರ್ಷಗಟ್ಟಲೆ ಅಲ್ಲೇ ಬಾಳಿ, 1997ರ ಮಾರ್ಚ್ 19ರಂದು ಅಲ್ಲೇ ತೀರಿಕೊಂಡರು.

ಕೈ ಹಿಡಿದದ್ದು ಊರಿನ ವಾರಪತ್ರಿಕೆ, 1885ರಲ್ಲಿ ಶುರುವಾದ ‘ಈಸ್ಟ್ ಹ್ಯಾಂಪ್ಟನ್ ಸ್ಟಾರ್’. ಹಳೆಯ ಸಂಚಿಕೆಗಳನ್ನು ಮನೆಯಲ್ಲೇ ಕೂತು ಓದಬಹುದು. ಅದರಲ್ಲಿ ತಾರೀಖಿನ ಬದಲು ‘ಕಳೆದ ಶನಿವಾರ’ ಅಂತಿದ್ದರೆ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಹಿಂದಕ್ಕೆ ಎಣಿಸಬೇಕು. ಒಮ್ಮೆ ಸಂಚಿಕೆಯ ದಿನವನ್ನೇ ಸಾವಿನ ದಿನ ಮಾಡಿ ಒಬ್ಬರ ಆಯುಸ್ಸನ್ನು ಐದು ದಿನ ಹೆಚ್ಚಿಸಿದ್ದೆ.

ಆ ಪುಟಗಳಲ್ಲಿ ನಾನು ಹುಡುಕದೇ ಇದ್ದವರೇ ಜಾಸ್ತಿ. ಬೋನಕರ್ಸ್ ಅಂತ ಕರೆಯುವ ಮೀನುಗಾರ ಮನೆತನಗಳ ಮುದುಕರು, ಅವರ ದೋಣಿ, ಬಲೆ, ಚಿಪ್ಪು ಬಗೆದ ಕೊಲ್ಲಿ. 1945ರಲ್ಲಿ ಪೊಲಾಕ್ ದಂಪತಿ ಬಂದಾಗ ಸ್ಪ್ರಿಂಗ್ಸ್ ಇವರದೇ ಊರು. 5,000 ಡಾಲರಿನ ಮನೆಗೆ ಮುಂಗಡವನ್ನೂ ಕಲಾ ಸಂಗ್ರಾಹಕಿ ಪೆಗ್ಗಿ ಗುಗೆನ್‌ಹೈಮ್ ಅವರಿಂದ ಸಾಲ ತಂದಿದ್ದರು. ಅಗ್ಗ ಅಂತ ತಾನೇ ಅಲ್ಲಿಗೆ ಹೋದದ್ದು!

ಮೀನುಗಾರರ ಹೆಸರು ಪಟ್ಟಿಗೆ ಹಾಕುವ ಹಾಗಿರಲಿಲ್ಲ. ಒಂದು ನಿಧನವಾರ್ತೆ ಬಿಟ್ಟರೆ ಬೇರೆ ಆಧಾರ ಇಲ್ಲ, ವಿಕಿಪೀಡಿಯ ಅದನ್ನು ಒಪ್ಪುವುದಿಲ್ಲ. ಪಟ್ಟಿಯ ಮೇಲೆ ‘ಮೀನುಗಾರಿಕೆ’ ಅಂತ ಒಂದು ಭಾಗ ಬರೆದೆ. ದಡದಿಂದ ಎಳೆಬಲೆ ಹಾಕಿ ಸ್ಟ್ರೈಪ್ಡ್ ಬಾಸ್ ಮೀನು ಹಿಡಿಯುವುದನ್ನು ರಾಜ್ಯ 1990ರಲ್ಲಿ ನಿಲ್ಲಿಸಿದ್ದು ಅದರಲ್ಲಿದೆ. ಈಗ ಪಟ್ಟಿಗಿಂತ ಅದೇ ಉದ್ದವಾಗಿದೆ.