‘ಬಂದರೆ’ಯಿಂದ ‘ಇಫ್’ಗೆ: ನನ್ನ ಅನುಭವ

ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷಿನ ‘ಇಫ್’ ವಾಕ್ಯಗಳನ್ನು (‘ಹೀಗಾದರೆ ಹಾಗೆ’ ಅನ್ನುವಂಥವು) ಕನ್ನಡದಿಂದ ಶುರು ಮಾಡಿದರೆ ತಪ್ಪು ಇನ್ನೂ ಗಟ್ಟಿಯಾಗುತ್ತೆ ಅಂತ ಜೊತೆಯ ಮೇಷ್ಟ್ರುಗಳು ಹೇಳಿದ್ದರು. ಮೂರು ಬ್ಯಾಚ್ ಮುಗಿಯಿತು. 40 ಮಕ್ಕಳಲ್ಲಿ ಹೆಚ್ಚುಕಮ್ಮಿ 35 ಮಂದಿ ಈಗ ಮಾತಿನಲ್ಲೂ ಸರಿ ಹೇಳುತ್ತಾರೆ.

ಮೊದಲು ‘ಇಫ್, ಸಿಂಪಲ್ ಪ್ರೆಸೆಂಟ್, ಆಮೇಲೆ ವಿಲ್’ ಅಂತ, ಅಂದರೆ ಇಫ್ ಭಾಗದಲ್ಲಿ ಮಾಮೂಲಿ ವರ್ತಮಾನ ಕಾಲ, ಫಲದ ಭಾಗದಲ್ಲಿ ವಿಲ್ ಅಂತ, ಬಾಯಿಪಾಠ ಮಾಡಿಸಿದ್ದೆ. ಬಿಟ್ಟ ಸ್ಥಳ ತುಂಬುವುದಕ್ಕೆ ಬಂತು, ಅಷ್ಟೇ. ಮಾತಿಗೆ ನಿಂತರೆ ‘ಇಫ್ ಹಿ ಕೇಮ್, ಐ ವಿಲ್ ಟೆಲ್’, ಇಲ್ಲವೇ ‘ಇಫ್ ಹಿ ವಿಲ್ ಕಮ್’. ‘ಬಂದರೆ’ ಒಳಗೆ ‘ಬಂದ’ ಕೂತಿದೆ. ಹೋದರೆ, ತಿಂದರೆ, ಕೊಟ್ಟರೆ ಎಲ್ಲವೂ ಹಾಗೇ. ಕೇಮ್ ಬರುವುದು ಅಲ್ಲಿಂದ. ನಡೆಯುವುದು ನಾಳೆಯಲ್ಲವೇ ಅಂತ ಯೋಚಿಸುವ ಮಗು ವಿಲ್ ಹಾಕುತ್ತೆ. ಈ ಎರಡನ್ನೂ ಮೊದಲ ದಿನವೇ ಬೋರ್ಡಿನ ಮೇಲೆ ಬಿಡಿಸಿ ತೋರಿಸಬೇಕು.

ಆಮೇಲೆ ವಾಕ್ಯದ ಬಾಲ ನೋಡಿಸುತ್ತೇನೆ. ‘ಬಂದರೆ ಹೇಳ್ತೀನಿ’ ಅಂದರೆ ನಮ್ಮ ಪಾಠ. ‘ಬಂದಿದ್ದರೆ ಹೇಳ್ತಿದ್ದೆ’ ಅಂದರೆ ಆ ಕೆಲಸ ತಪ್ಪಿಹೋಗಿದೆ, ಅದನ್ನು ಪಕ್ಕಕ್ಕಿಡಿ. ‘-ತೀನಿ, -ತಾನೆ, -ತ್ತೆ’ ಬಾಲ ಕಂಡರೆ ಮಾತ್ರ ಮುಂದಕ್ಕೆ.

ಅಭ್ಯಾಸಕ್ಕೆ ಅಂತ ಮೊದಲು ವಾಕ್ಯದ ಕಾರ್ಡಿಗೆ ದುಡ್ಡು ಸುರಿದದ್ದು ದಂಡ. 60 ಕಾರ್ಡಿಗೆ ಲ್ಯಾಮಿನೇಷನ್ ಸೇರಿ ಸುಮಾರು 900 ರೂಪಾಯಿ ಹೋಯಿತು. ಮಕ್ಕಳು ಓದಿದರು, ಅದರ ಮೇಲೆ ಬರೆಯಲು ಆಗಲಿಲ್ಲ. ಈಗ ಹಳದಿ, ನೀಲಿ ಬಣ್ಣದ ಎ4 ಹಾಳೆಯನ್ನು ಉದ್ದಕ್ಕೆ ನಾಲ್ಕು ಪಟ್ಟಿ ಮಾಡುತ್ತೇನೆ, ಬ್ಯಾಚಿಗೆ 60–70 ರೂಪಾಯಿ. ಹಳದಿಯಲ್ಲಿ ‘-ದರೆ’ ಭಾಗ, ನೀಲಿಯಲ್ಲಿ ಫಲ. ಇಬ್ಬರಿಗೆ ಒಂದೇ ಒಂದು ‘ವಿಲ್’ ಚೀಟಿ, ಒಂದು ಜೆಮ್ ಕ್ಲಿಪ್. ಚೀಟಿ ಸಿಕ್ಕಿಸುವುದು ನೀಲಿಗೆ ಮಾತ್ರ. ಒಂದೇ ಚೀಟಿ ಇರುವುದರಿಂದ ಎರಡೂ ಕಡೆ ವಿಲ್ ಹಾಕಲು ದಾರಿಯೇ ಇಲ್ಲ. ಹಳದಿ ಮುಂದಿದ್ದರೆ ನಡುವೆ ಕಾಮಾ; ಪಟ್ಟಿ ಅದಲುಬದಲಾದರೆ ಕಾಮಾ ಬೇಡ. ಹಳದಿಯಲ್ಲಿ ‘ಹಿ, ಶಿ, ಇಟ್’ ಬಂದಾಗ ಕ್ರಿಯಾಪದದ ಕೊನೆಯ ‘ಎಸ್’ಗೆ ಕೆಂಪು ಪೆನ್ನು: ‘ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ ಹಿಯರ್’. ಯಾವ ಕ್ರಿಯಾಪದ ಮೊದಲು, ಯಾವುದು ಆಮೇಲೆ ಅನ್ನುವ ನನ್ನ 15 ವಾಕ್ಯಗಳ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಅದಕ್ಕೆ ಎರಡು ವರ್ಷ ಹಿಡಿದಿದೆ.

ಒಂದು ಕಡೆ ‘-ದರೆ’ಯೇ ಮೋಸ ಮಾಡುತ್ತೆ. ‘ಬೇಸಿಗೆ ಬಂದರೆ ಅಜ್ಜಿ ಊರಿಗೆ ಹೋಗ್ತೀವಿ’ ಅಂತೀವಿ. ಬೇಸಿಗೆ ಬಂದೇ ಬರುತ್ತೆ, ಅಲ್ಲಿ ಇಫ್ ಅಲ್ಲ, ವೆನ್. ‘ಬರದೆಯೂ ಇರಬಹುದಾ?’ ಅಂತ ಕೇಳಿಸಿ. ಹೌದು ಅಂದರೆ ಮಾತ್ರ ಇಫ್.

ಇದೇ ಪಟ್ಟಿಗಳನ್ನು ‘ಅಂಟಿಲ್’ಗೂ ಹಾಕಿ ನೋಡಿದೆ. ‘ಅವನು ಬರುವವರೆಗೆ’ ಅನ್ನುವಲ್ಲಿ ‘ಬರುವ’ ಇರುವುದರಿಂದ ಮಕ್ಕಳು ‘ಅಂಟಿಲ್ ಹಿ ವಿಲ್ ಕಮ್’ ಅಂದರು. ಹಳದಿಗೆ ಚೀಟಿ ಇಲ್ಲ ಅನ್ನುವ ನಿಯಮ ಅಲ್ಲೂ ನಡೆಯಿತು, ‘ಆ್ಯಸ್ ಸೂನ್ ಆ್ಯಸ್’ಗೂ (‘ಬಂದ ಕೂಡಲೇ’ ಅನ್ನುವಂಥದ್ದು) ನಡೆಯಿತು. ‘ಅನ್‌ಲೆಸ್’ ಮಾತ್ರ ಇನ್ನೂ ಹಠ ಹಿಡಿದಿದೆ: ‘ಓದದಿದ್ದರೆ’ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ‘ಅನ್‌ಲೆಸ್ ಯು ಡೋಂಟ್ ಸ್ಟಡಿ’ ಅಂತ ಬರೆಯುತ್ತಾರೆ. ಇಲ್ಲ ಅನ್ನುವುದು ಆ ಪದದೊಳಗೇ ಇದೆ. ಹಾಗಾಗಿ ಅದನ್ನು ಮೂರನೇ ವಾರಕ್ಕಿಂತ ಮೊದಲು ತೆಗೆಯುವುದಿಲ್ಲ.