ಡಿವ್ ಬಿಡಿ, ಸರಿಯಾದ ಟ್ಯಾಗ್ ಹಿಡಿಯಿರಿ

ಹೊಸದಾಗಿ ವೆಬ್ ಪುಟ ಮಾಡುವವರ ಕೋಡ್ ತೆರೆದರೆ ನನಗೆ ಕಾಣುವುದು ಒಂದೇ: ಡಿವ್ ಒಳಗೆ ಡಿವ್, ಅದರೊಳಗೆ ಇನ್ನೊಂದು ಡಿವ್. ಟ್ಯಾಗ್ ಎಂದರೆ ಪುಟದ ಭಾಗಗಳನ್ನು ಗುರುತಿಸುವ ಕೋಡ್ ಗುರುತು; ಡಿವ್ ಎಂದರೆ ಒಳಗೇನಿದೆ ಎಂದು ಹೇಳದ ಬರೀ ಡಬ್ಬಿಯಂಥ ಟ್ಯಾಗ್. ಪುಟ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಕಣ್ಣು ಕಾಣದವರು ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಹಾಕಿ ಕೇಳಿದಾಗ, ಮೆನು ಎಲ್ಲಿ ಮುಗಿಯಿತು, ಬರಹ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ.

ಊರಿನ ಗ್ರಂಥಾಲಯಕ್ಕೆ ಒಂದು ಪುಟ ಮಾಡೋಣ.

ಮೊದಲು ಭಾಷೆ. ಇಡೀ ಪುಟವನ್ನು ಸುತ್ತುವರಿಯುವ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ, ಭಾಷೆ ಹೇಳುವ ಲ್ಯಾಂಗ್ ಎಂಬ ಜಾಗದಲ್ಲಿ ಎಡಿಟರ್ ತಾನೇ ತುಂಬಿದ ಇಂಗ್ಲಿಷ್ ಕೋಡ್ ಅಳಿಸಿ, ಕನ್ನಡದ ಕೋಡ್ ‘ಕೆಎನ್’ (kn) ಹಾಕಿ. ಸ್ಕ್ರೀನ್ ರೀಡರ್ ಕನ್ನಡದ ದನಿ ಆರಿಸಿಕೊಳ್ಳುವುದು ಇದನ್ನು ನೋಡಿ.

ಮೇಲ್ಭಾಗಕ್ಕೆ ಹೆಡರ್, ಮೆನುವಿಗೆ ನ್ಯಾವ್, ಮುಖ್ಯ ವಿಷಯಕ್ಕೆ ಮೇನ್, ಕೊನೆಗೆ ಫೂಟರ್. ಮೇನ್ ಪುಟಕ್ಕೆ ಒಂದೇ.

ಆರ್ಟಿಕಲ್ ಹಾಕಬೇಕೋ ಸೆಕ್ಷನ್ನೋ? ಆ ತುಂಡನ್ನು ಕಿತ್ತು ಬೇರೆ ಕಡೆ ಇಟ್ಟರೂ ಪೂರ್ತಿ ಅರ್ಥವಾದರೆ ಆರ್ಟಿಕಲ್. ಒಂದು ಪುಸ್ತಕದ ಪರಿಚಯ ಹಾಗೆ. ಒಂದೇ ವಿಷಯದ ಭಾಗವಾಗಿದ್ದು, ಅದಕ್ಕೊಂದು ಶೀರ್ಷಿಕೆ ಇದ್ದರೆ ಸೆಕ್ಷನ್. ಬರೀ ಬಣ್ಣ, ಜಾಗ ಹೊಂದಿಸುವುದಕ್ಕಾದರೆ ಡಿವ್ ಸಾಕು.

ಜಾಸ್ತಿ ಜನ ಎಡವುವುದು ಎಚ್‌1, ಎಚ್‌2 ಎಂಬ ಶೀರ್ಷಿಕೆ ಟ್ಯಾಗ್‌ಗಳಲ್ಲಿ. ‘ಎಚ್‌2 ತುಂಬ ದೊಡ್ಡದಾಗಿ ಕಾಣುತ್ತೆ’ ಎಂದು ಎಚ್‌4 ಹಾಕುತ್ತಾರೆ. ಇಲ್ಲವೇ ಡಿವ್‌ನಲ್ಲಿ ದಪ್ಪ ಅಕ್ಷರ ಬರೆದು ಬಿಡುತ್ತಾರೆ. ಅಕ್ಷರದ ಗಾತ್ರವನ್ನು ಪುಟದ ಅಂದಚಂದ ಹೇಳುವ ಸಿಎಸ್‌ಎಸ್ ನೋಡಿಕೊಳ್ಳುತ್ತದೆ. ಎಚ್ ಪಕ್ಕದ ಅಂಕಿ ಹೇಳುವುದು ಯಾವುದು ಯಾವುದರ ಕೆಳಗೆ ಬರುತ್ತದೆ ಎಂಬುದನ್ನು. ಗ್ರಂಥಾಲಯದ ಹೆಸರು ಎಚ್‌1. ‘ತೆರೆಯುವ ಸಮಯ’, ‘ಹೊಸ ಪುಸ್ತಕಗಳು’ ಎಚ್‌2. ಹೊಸ ಪುಸ್ತಕಗಳ ಕೆಳಗಿನ ‘ಕಾದಂಬರಿ’, ‘ಮಕ್ಕಳ ಪುಸ್ತಕ’ ಎಚ್‌3. ಕೆಳಗಿಳಿಯುವಾಗ ಮಧ್ಯೆ ಮೆಟ್ಟಿಲು ಹಾರಬೇಡಿ. ಶೀರ್ಷಿಕೆಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆದು ನೋಡಿ, ಪುಸ್ತಕದ ಪರಿವಿಡಿಯಂತೆ ಓದಿಸಿಕೊಳ್ಳಬೇಕು.

ಪ್ರತಿ ಸೆಕ್ಷನ್‌ಗೂ ಎಚ್‌1 ಹಾಕಿ, ಬ್ರೌಸರ್ ತಾನೇ ಮಟ್ಟ ಲೆಕ್ಕ ಹಾಕುತ್ತದೆ ಎನ್ನುವ ಹಳೆಯ ಪಾಠಗಳು ಇನ್ನೂ ಓಡಾಡುತ್ತಿವೆ. ನಂಬಬೇಡಿ. ಆ ಲೆಕ್ಕಾಚಾರವನ್ನು ಬ್ರೌಸರ್‌ಗಳು ಪೂರ್ತಿಯಾಗಿ ಜಾರಿಗೆ ತರಲೇ ಇಲ್ಲ. 2022ರಲ್ಲಿ ಅದನ್ನು ಎಚ್‌ಟಿಎಂಎಲ್ ನಿಯಮಾವಳಿಯಿಂದಲೇ ತೆಗೆದರು.

ಒತ್ತುವ ಗುಂಡಿಗೆ ಬಟನ್ ಟ್ಯಾಗ್, ಬೇರೆ ಪುಟಕ್ಕೆ ಹೋಗಲು ಲಿಂಕ್. ಡಿವ್‌ಗೆ ಕ್ಲಿಕ್ ಜೋಡಿಸಿದರೆ ಮೌಸ್‌ಗೆ ಕೆಲಸ ಮಾಡುತ್ತದೆ, ಕೀಬೋರ್ಡ್‌ಗೆ ಮಾಡುವುದಿಲ್ಲ. ಟ್ಯಾಬ್ ಕೀ ಅಲ್ಲಿ ನಿಲ್ಲುವುದಿಲ್ಲ, ಎಂಟರ್ ಒತ್ತಿದರೂ ಏನೂ ಆಗುವುದಿಲ್ಲ. ಬಟನ್‌ನಲ್ಲಿ ಇವೆಲ್ಲ ಸುಮ್ನೆ ಸಿಗುತ್ತವೆ, ಅಲ್ವಾ?

‘ಒಂದು ಸಾಲು ಸ್ಕ್ರಿಪ್ಟ್ ಹಾಕಿ, ನಿಮ್ಮ ಪುಟ ಎಲ್ಲರಿಗೂ ಸಿದ್ಧ’ ಎಂದು ಮಾರುವವರಿದ್ದಾರೆ. ದುಡ್ಡು ಕೊಡಬೇಡಿ. ಒಳಗಿನ ರಚನೆ ಕೆಟ್ಟಿದ್ದರೆ ಮೇಲಿನ ಲೇಪ ಅದನ್ನು ಸರಿಮಾಡುವುದಿಲ್ಲ.

ಕೊನೆಗೆ ಕಿವಿಯಿಂದ ಪರೀಕ್ಷಿಸಿ. ವಿಂಡೋಸ್‌ಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಪುಟ ತೆರೆದು ಮಾನಿಟರ್ ಆಫ್ ಮಾಡಿ. ಎಚ್ ಕೀ ಒತ್ತುತ್ತಾ ಹೋದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗುತ್ತೀರಿ, ಡಿ ಒತ್ತಿದರೆ ನ್ಯಾವ್, ಮೇನ್, ಫೂಟರ್ ಒಂದೊಂದಾಗಿ ಸಿಗುತ್ತವೆ. ‘ತೆರೆಯುವ ಸಮಯ’ ಆದಮೇಲೆ ‘ಹೊಸ ಪುಸ್ತಕಗಳು’ ಕೇಳಿಸದೆ ನೇರ ‘ಕಾದಂಬರಿ’ ಬಂತೇ? ಅಲ್ಲೊಂದು ದಪ್ಪ ಅಕ್ಷರದ ಡಿವ್ ಕೂತಿದೆ. ಹುಡುಕಿ ಎಚ್‌2 ಮಾಡಿ.